ಒಂದೂಕಾಲು ಸುತ್ತು

ಫೆಬ್ರವರಿ ೬

ಪ್ರೀತಿಯ ಡಬ್ಬಿಗೆ,

ಅಪ್ಪನ ಆಶೀರ್ವಾದ. ಐ ಆಮ್ ಕ್ವೈಟ್ ವೆಲ್ ಹಿಯರ್ ಅಂಡ್ ಹೋಪ್ ದ ಸೇಮ್ ಫ್ರಮ್ ಯು. ಪತ್ರ ಹೀಗೇ ಶುರುವಾಗಬೇಕು ಅಂತ ಕಾಲೇಜಿನಲ್ಲಿ ಕಲಿಸಿದ್ದರು. ಎರಡನೆಯ ವಾಕ್ಯ ಕಲಿಸುವಷ್ಟರಲ್ಲಿ ನಾನು ಕಾಲೇಜು ಬಿಟ್ಟು ಮಿಲ್ಲು ಸೇರಿದ್ದೆ. ಆದ್ದರಿಂದ ಉಳಿದದ್ದು ಕನ್ನಡದಲ್ಲಿ.

ನಿನ್ನ ಕಾಗದ ಬಂತು. ಫೋನಿನಲ್ಲಿ ಈ ಕಿವಿಗೆ 'ಹಲೋ' ಬಿಟ್ಟರೆ ಬೇರೇನೂ ದಕ್ಕುವುದಿಲ್ಲ ಅಂತ ನಾಲ್ಕು ಪುಟ ಕೈಯಾರೆ ಬರೆದಿದ್ದೀಯಲ್ಲ, ಮೂರು ಸಲ ಓದಿದೆ. ಕೊನೆಗೂ ಆಲ್ಬಮ್! ನಾಲ್ಕು ವರ್ಷ ಕಂಡವರ ಗ್ಯಾರೇಜಿನಲ್ಲಿ ಬಾರಿಸಿ ಬೈಸಿಕೊಂಡ ನಿಮ್ಮ ಬ್ಯಾಂಡಿಗೆ ನಿಜವಾದ ಸ್ಟುಡಿಯೋ, ಅದೂ ಹಳೆಯ ಐಸ್ ಫ್ಯಾಕ್ಟರಿಯೊಳಗೆ! ಗೋಡೆ ಎರಡು ಅಡಿ ದಪ್ಪ ಅಂದರೆ ನೀವು ಒಳಗೆ ಎಷ್ಟು ಗದ್ದಲ ಮಾಡಿದರೂ ಯಾರೂ ಬಾಗಿಲು ಬಡಿಯುವುದಿಲ್ಲ. ಮೇ ಹದಿನಾಲ್ಕಕ್ಕೆ ಜಾಗ ಬಿಡಬೇಕು, ಅಷ್ಟರಲ್ಲಿ ಎಂಟು ಹಾಡು ಮುಗಿಯದಿದ್ದರೆ ಕಂಪನಿ ಕೈಬಿಡುತ್ತೆ ಅಂತ ಬರೆದಿದ್ದೀಯ. ಮುಗಿಯುತ್ತೆ ಬಿಡು. ನಾನು ಮೂವತ್ನಾಲ್ಕು ವರ್ಷ ಮಗ್ಗ ರಿಪೇರಿ ಮಾಡಿದವನು, ಗಡುವು ಅಂದರೇನು ಅಂತ ನನಗೆ ಗೊತ್ತು.

ನೀವು ಬಾರಿಸುವುದು ಎಂಥದ್ದು ಅಂತ ತಿಳಿಯಲು ನಿನ್ನೆ ಪೇಟೆಗೆ ಹೋಗಿ ಸಿಡಿ ಅಂಗಡಿ ಹೊಕ್ಕೆ. ಅಂಗಡಿಯವನು ನನ್ನ ಬಿಳಿ ತಲೆ ನೋಡಿ, "ಯಾರಿಗೆ ಸರ್, ಮೊಮ್ಮಗನಿಗಾ?" ಅಂದ. "ನನಗೇ ಕಣಯ್ಯ. ಹೆವಿ ಮೆಟಲ್ ಕೊಡು. ಎಷ್ಟು ಹೆವಿ ಇದ್ದರೂ ಪರವಾಗಿಲ್ಲ" ಅಂದೆ. ಮನೆಗೆ ತಂದು ಹಾಕಿದರೆ ಕಿವಿಗೆ ಬರೀ ಮಬ್ಬು ಮಬ್ಬು. ಆಗ ಹೊಳೆಯಿತು. ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ಬೇರಿಂಗ್ ಸವೆದಿದೆಯಾ ಅಂತ ನೋಡಲು ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಸ್ಪೀಕರ್ ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟೆ.

ಅಯ್ಯೋ ಡಬ್ಬೀ! ಅದು ನನ್ನ ಶೆಡ್ಡು ಕಣೇ! ನೂರಿಪ್ಪತ್ತು ಮಗ್ಗ ಒಟ್ಟಿಗೆ ಶುರುವಾದರೆ ನೆಲ ಮೊದಲು ನಡುಗುತ್ತೆ, ಆಮೇಲೆ ಹಲ್ಲು, ಆಮೇಲೆ ಎದೆಯೊಳಗೆ ಇನ್ನೊಂದು ಎದೆ ಹೊಡೆದುಕೊಳ್ಳೋದಕ್ಕೆ ಶುರುವಾಗುತ್ತೆ. ನಿಮಿಷಕ್ಕೆ ನೂರ ಎಂಬತ್ತು ಸಲ ಲಾಳಿ ಆ ಕಡೆಯಿಂದ ಈ ಕಡೆ. ಗಡಿಯಾರ ಹಿಡಿದು ಎಣಿಸಿದೆ: ಆ ಹಾಡೂ ನೂರ ಎಂಬತ್ತೇ! ಇಷ್ಟು ವರ್ಷ ನೀನು ಮಾಡುತ್ತಿದ್ದದ್ದು ಇದನ್ನೇನಾ? ಮೊದಲೇ ಹೇಳಬಾರದಿತ್ತಾ? ಹೇಳಿರುತ್ತೀಯ. ನಾನು ಬಂದು ಕೇಳಲಿಲ್ಲ, ಅಷ್ಟೆ.

ನಿನ್ನ ಚಿಕ್ಕಮ್ಮ ಅದೇ ಹೊತ್ತಿಗೆ ಪಕ್ಕದ ಮನೆಯಿಂದ ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. "ಭಾವ, ವಯಸ್ಸಾದ ಮೇಲೆ ಜನ ದೇವರ ಕಡೆ ತಿರುಗ್ತಾರೆ. ನೀವು ಸ್ಕ್ರೂಡ್ರೈವರ್ ಕಡೆ ತಿರುಗಿದ್ದೀರಲ್ಲ" ಅಂದಳು.

ಅಂದ ಹಾಗೆ ಅಮ್ಮನ ಹೊಲಿಗೆ ಸ್ಟೂಲು ಕಾಣಿಸುತ್ತಿಲ್ಲ. ಅದೇ, ತಿರುಗಿಸಿ ಎತ್ತರ ಮಾಡುವ ಕಬ್ಬಿಣದ ಗುಂಡು ಸ್ಟೂಲು. ಲಟಪಟ ಅಲ್ಲಾಡುತ್ತಿತ್ತು. ಅವಳಿದ್ದಾಗ ಒಂದು ದಿನವೂ ಮುಟ್ಟಲು ಬಿಡಲಿಲ್ಲ. "ನಿಮ್ಮ ರಿಪೇರಿ ಮಿಲ್ಲಿನಲ್ಲಿ ಇಟ್ಕೊಳ್ಳಿ" ಅನ್ನುತ್ತಿದ್ದಳು. ಈಗಾದರೂ ಸರಿಮಾಡಿ ಇಡೋಣ ಅಂತ ಹುಡುಕಿದರೆ ಸ್ಟೂಲೇ ಇಲ್ಲ. ಚಿಕ್ಕಮ್ಮನ ಮೇಲೆ ನನಗೆ ಅನುಮಾನ. ನಿನಗೇನಾದರೂ ಗೊತ್ತಾ?

ಇತಿ ನಿನ್ನ ಅಪ್ಪ

*

ಫೆಬ್ರವರಿ ೧೯

ಪ್ರೀತಿಯ ಅಪ್ಪ,

ನಿನ್ನ ಕಾಗದ ನಾನೊಬ್ಬಳೇ ಓದಬೇಕು ಅಂದುಕೊಂಡೆ, ಆಗಲಿಲ್ಲ. ನಾನು ನಗುವುದು ಕೇಳಿ ಗುಡುಗು ಕಿತ್ತುಕೊಂಡು ಎಲ್ಲರಿಗೂ ಓದಿದ. ಗುಡುಗು ಅಂದರೆ ನಮ್ಮ ಹಾಡುಗಾರ. ಮೈಕಿನ ಮುಂದೆ ಆ ಹೆಸರು, ಆಚೆ ಬಂದರೆ ನೀರು ಕೇಳುವುದಕ್ಕೂ ನಾಚಿಕೆ. "ಎದೆಯೊಳಗೆ ಇನ್ನೊಂದು ಎದೆ" ಅನ್ನುವಲ್ಲಿ ಓದು ನಿಲ್ಲಿಸಿ ತನ್ನ ಪುಸ್ತಕದಲ್ಲಿ ಬರೆದುಕೊಂಡ. ಗಿಟಾರಿನವನು ಕಂಬ. ಆರಡಿ ಮೂರಿಂಚು, ಅಲ್ಲಾಡುವುದಿಲ್ಲ. ಅವನೂ ಸ್ಕ್ರೂಡ್ರೈವರ್ ಹುಡುಕಿಕೊಂಡು ಹೋದ.

ಕೆಲಸ ಮಾತ್ರ ನಿಂತುಹೋಗಿದೆ ಅಪ್ಪ. ರೆಕಾರ್ಡಿಂಗಿನಲ್ಲಿ ಏನೋ ಒಂದು ಸದ್ದು ಸೇರಿಕೊಳ್ಳುತ್ತಿದೆ. ಕಿರ್... ಕಿರ್... ಅಂತ. ಒಂದು ಸಲ ಬರುತ್ತೆ, ಒಂದು ಸಲ ಇಲ್ಲ. ಸೌಂಡ್ ಎಂಜಿನಿಯರ್‌ಗೆ ನಾವು ಕಿವಿ ಅಂತಲೇ ಕರೆಯುವುದು, ಅವನಿಗೇ ಸಿಗುತ್ತಿಲ್ಲ. ಮೈಕು ಬದಲಾಯಿಸಿದ, ವೈರು ಬದಲಾಯಿಸಿದ, ಫ್ಯಾನು ಬಿಚ್ಚಿಸಿದ. ನಾಲ್ಕು ದಿನ ಹೋಯಿತು. ಒಂದು ಹಾಡೂ ಮುಗಿದಿಲ್ಲ.

ಸ್ಟೂಲು ಎಲ್ಲಾದರೂ ಇರುತ್ತೆ ಬಿಡು. ಚಿಕ್ಕಮ್ಮನನ್ನು ಏನೂ ಅನ್ನಬೇಡ.

ಡಬ್ಬಿ

*

ಫೆಬ್ರವರಿ ೨೪

ಪ್ರೀತಿಯ ಡಬ್ಬಿಗೆ,

ಕಾಗದ ಓದಿ ಕೈ ಕಾಲು ನಿಲ್ಲಲಿಲ್ಲ! ರಿಟೈರಾಗಿ ಆರು ವರ್ಷವಾಯಿತು, ಒಂದು ಮೆಷಿನ್ನೂ ನನ್ನ ಹತ್ತಿರ ತನ್ನ ಕಷ್ಟ ಹೇಳಿಕೊಂಡಿರಲಿಲ್ಲ. ಈಗ ನೋಡು!

ಗಮನವಿಟ್ಟು ಓದು. ಕಿವಿಗೂ ಓದಿ ಹೇಳು. ಸದ್ದು ಒಂದು ಸಲ ಬಂದು ಒಂದು ಸಲ ಬರುವುದಿಲ್ಲ ಅಂದರೆ ಅದು ಕರೆಂಟಿನದ್ದಲ್ಲ. ಕರೆಂಟಿನ ಸದ್ದಿಗೆ ಮರ್ಯಾದೆ ಇರುತ್ತೆ, ಒಂದೇ ಸಮ ಗುಂಯ್ ಅನ್ನುತ್ತೆ. ಇದು ಮೈಭಾರದ ಸದ್ದು. ಯಾರೋ ಭಾರ ಹಾಕಿದಾಗ ಏನೋ ದೂರುತ್ತಿದೆ. ನನ್ನ ಲಾಜಿಕ್ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು: ಬೈ ದ ಪ್ರಾಸೆಸ್ ಆಫ್ ಎಲಿಮಿನೇಶನ್. ಪರೀಕ್ಷೆಯಲ್ಲಿ ಅದರಿಂದ ನನಗೆ ಒಂದು ಅಂಕವೂ ಬರಲಿಲ್ಲ, ಮಿಲ್ಲಿನಲ್ಲಿ ಅದೇ ಹೊಟ್ಟೆಗೆ ಹಾಕಿತು. ಎಲ್ಲರೂ ಸುಮ್ಮನಿರಿ. ನೀನೊಬ್ಬಳೇ ಬಾರಿಸು. ಮೊದಲು ಕೈ ಮಾತ್ರ, ಆಮೇಲೆ ಬಲಗಾಲು ಮಾತ್ರ, ಆಮೇಲೆ ಎಡಗಾಲು. ಪ್ರತಿಸಲ ಕಿವಿ ಒಂದೊಂದೇ ಸಾಮಾನಿಗೆ ಸ್ಕ್ರೂಡ್ರೈವರ್ ಇಟ್ಟು ಕೇಳಲಿ. ಎಲ್ಲಿ ಮೂಳೆಗೆ ಕರಕರ ಅನ್ನಿಸುತ್ತೋ ಅಲ್ಲೇ ಕಳ್ಳ.

ಇನ್ನೊಂದು ನಿಯಮ, ಇದನ್ನು ನಾನು ಕೈಕೆಳಗಿನ ಎಲ್ಲರಿಗೂ ಹೇಳಿಕೊಟ್ಟಿದ್ದೆ. ಮೆಷಿನ್ನಿನಿಂದ ಏನೇ ತೆಗೆದರೂ, ಕಸವೇ ಆದರೂ, ಅದು ಮತ್ತೆ ಸರಿಯಾಗಿ ಓಡುವವರೆಗೆ ಎಸೆಯಬಾರದು. ನನ್ನ ಚೀಲದಲ್ಲಿ ಅದಕ್ಕೇ ಒಂದು ತಗಡಿನ ಡಬ್ಬಿ ಇದೆ. ನಿನಗೆ ಆ ಹೆಸರು ಬಂದದ್ದು ಅದರಿಂದಲೇ ಅಲ್ಲವಾ? ಎರಡು ವರ್ಷದವಳು ಅದರೊಳಗಿನ ನಟ್ಟು ಬೋಲ್ಟೆಲ್ಲ ಸುರಿದು ಅದನ್ನು ತಲೆಕೆಳಗು ಮಾಡಿ ಬಾರಿಸಿದ್ದೆ. ಅಮ್ಮ ಹೊಲಿಗೆ ನಿಲ್ಲಿಸಿ, "ನೋಡ್ರೀ, ತಾಳ ತಪ್ಪಲಿಲ್ಲ" ಅಂದಿದ್ದಳು. ನಾನು ನಟ್ಟು ಆರಿಸುತ್ತಿದ್ದೆ.

ಕಳ್ಳ ಸಿಕ್ಕಿದ ಕೂಡಲೇ ಬರೆ. ಇಲ್ಲಿ ನಿದ್ದೆ ಬರುವುದಿಲ್ಲ.

ಇತಿ ಅಪ್ಪ

*

ಮಾರ್ಚ್ ೯

ಪ್ರೀತಿಯ ಅಪ್ಪ,

ಸಿಕ್ಕಿತು! ನೀನು ಹೇಳಿದ ಹಾಗೇ ಮಾಡಿದೆವು. ಕಿವಿ ನೆಲದ ಮೇಲೆ ಮೊಣಕಾಲೂರಿ, ಸ್ಕ್ರೂಡ್ರೈವರನ್ನು ತಲೆಗೆ ಇಟ್ಟುಕೊಂಡು ಒಂದೊಂದನ್ನೇ ಪರೀಕ್ಷೆ ಮಾಡಿದ. ಹನ್ನೊಂದನೆಯದಕ್ಕೆ ಚಂಗನೆ ಎದ್ದ. "ನಿಮ್ಮಪ್ಪನಿಗೆ ಸಂಬಳ ಕೊಟ್ಟು ಇಟ್ಕೋಬೇಕು ಕಣೇ!" ಅಂದ. ಎಲ್ಲಿ, ಏನು ಅಂತ ನೀನು ಬಂದಾಗ ಹೇಳುತ್ತೇನೆ. ಇನ್ನು ಅದರಿಂದ ತೊಂದರೆ ಇಲ್ಲ.

ಆಮೇಲೆ ನೋಡಬೇಕಿತ್ತು ಅಪ್ಪ! ಹತ್ತು ದಿನಕ್ಕೆ ಮೂರು ಹಾಡು! ನನ್ನ ಎರಡೂ ಕಾಲು ಈಗ ಬೇರೆ ಯಾರದೋ ಅನ್ನುವ ಹಾಗೆ ಓಡುತ್ತಿವೆ. ಇನ್ನೊಂದು ಸುದ್ದಿ. ಕುರ್ಚಿ ಹಿಡಿದುಕೊಂಡು ಓದು. ಆಲ್ಬಮ್ಮಿನ ಕೊನೆಯ ಹಾಡು ನಿನ್ನ ಕಾಗದ. ಗುಡುಗು ಅದನ್ನೇ ಇಟ್ಟುಕೊಂಡು ಬರೆದಿದ್ದಾನೆ. ನೆಲ ನಡುಗುವುದು, ಹಲ್ಲು, ಲಾಳಿ, ಎಲ್ಲ ಇದೆ. ಹನ್ನೊಂದು ನಿಮಿಷದ ಹಾಡು. ಹೆಸರು 'ನೂರಿಪ್ಪತ್ತು ಮಗ್ಗ'. ಅದನ್ನು ಕೊನೆಗೆ ರೆಕಾರ್ಡ್ ಮಾಡುತ್ತೇವೆ, ತುಂಡು ತುಂಡಾಗಿ ಅಲ್ಲ, ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಒಂದೇ ಉಸಿರಿಗೆ. ಅದು ಬಂದರೆ ಆಲ್ಬಮ್, ಬರದಿದ್ದರೆ ಏನೂ ಇಲ್ಲ.

ಡಬ್ಬಿ

*

ಮಾರ್ಚ್ ೧೫

ಪ್ರೀತಿಯ ಡಬ್ಬಿಗೆ,

ನನ್ನ ಕಾಗದ ಹಾಡಾ! ಕಾಲೇಜಿನಲ್ಲಿ ನನ್ನ ಪ್ರಬಂಧದ ಕೆಳಗೆ ಇಂಗ್ಲಿಷ್ ಮೇಷ್ಟ್ರು ಕೆಂಪು ಶಾಯಿಯಲ್ಲಿ 'ನಾಟ್ ಟು ದ ಪಾಯಿಂಟ್' ಅಂತ ಬರೆದಿದ್ದರು. ಅವರು ಬದುಕಿದ್ದರೆ ಹೋಗಿ ಹಾಡು ಕೇಳಿಸುತ್ತಿದ್ದೆ. ಈ ಬೀದಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಕ್ಷೌರದವನಿಗೂ ಹೇಳಿದೆ, ಅವನು ಕತ್ತರಿ ನಿಲ್ಲಿಸಿ, "ನಿಮ್ಮ ಮಗಳು ಬ್ಯಾಂಡ್ ಸೆಟ್‌ನಲ್ಲಿದ್ದಾರಾ, ಮದುವೆ ಮೆರವಣಿಗೆಗೆ ಬರ್ತಾರಾ?" ಅಂದ. ಬರುತ್ತಾಳೆ, ಆದರೆ ಮದುಮಗ ಓಡಿಹೋಗುತ್ತಾನೆ ಅಂದೆ.

ಚಿಕ್ಕಮ್ಮನಿಗೂ ನನಗೂ ಮಾತಿಲ್ಲ. ಸ್ಟೂಲಿನ ವಿಷಯ ಕೇಳಿಯೇಬಿಟ್ಟೆ. "ನಮ್ಮಕ್ಕನ ಸ್ಟೂಲು ನಾನ್ಯಾಕೆ ಕದೀಲಿ? ಕೇಳಿದ್ರೆ ಅವಳೇ ಕೊಡ್ತಿದ್ಲು!" ಅಂತ ಬಾಗಿಲು ಹಾಕಿಕೊಂಡಳು. ಮೂರು ದಿನದಿಂದ ಕಾಫಿಗೆ ಕರೆದಿಲ್ಲ.

ಡಬ್ಬೀ, ಒಂದು ಮಾತು. ಅಮ್ಮ ಹಾಸಿಗೆ ಹಿಡಿದ ಆ ವರ್ಷ ನಾನು ನಿನಗೆ ಡ್ರಮ್ಸ್ ಮುಟ್ಟಬೇಡ ಅಂದೆ. ಅಮ್ಮನಿಗೆ ನಿದ್ದೆ ಬೇಕು ಅಂದೆ. ನೀನು ಎದುರಾಡಲಿಲ್ಲ, ಎಲ್ಲ ಕಟ್ಟಿ ಮೇಲಿಟ್ಟೆ. ಆಮೇಲೆ ಪಕ್ಕದ ಕೋಣೆಯಲ್ಲಿ ದಿಂಬಿನ ಮೇಲೆ ಬಾರಿಸುತ್ತಿದ್ದೆ. ನನಗೆ ಕೇಳಿಸುತ್ತಿರಲಿಲ್ಲ. ಆದರೆ ಅಮ್ಮನ ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕುವುದು ಕಾಣುತ್ತಿತ್ತು. ಕಂಡೂ ನಾನು ನಿನ್ನನ್ನು ಕರೆದು 'ಬಾರಿಸು' ಅನ್ನಲಿಲ್ಲ. ಆಮೇಲೆ ನಿನ್ನ ಕಾರ್ಯಕ್ರಮಗಳಿಗೂ ಬರಲಿಲ್ಲ. ಕಿವಿ ಕೇಳಲ್ಲ ಅಂದೆ.

ಇರಲಿ. ನಾನು ಸ್ಟುಡಿಯೋ ನೋಡಲು ಬರಬಹುದಾ? ಮೂಲೆಯಲ್ಲಿ ಕೂತಿರುತ್ತೇನೆ. ಏನೂ ಮುಟ್ಟುವುದಿಲ್ಲ.

ಇತಿ ಅಪ್ಪ

*

ಏಪ್ರಿಲ್ ೨

ಪ್ರೀತಿಯ ಅಪ್ಪ,

ಬಾ! ಇಪ್ಪತ್ತೈದಕ್ಕೆ ಬಾ. ಏಳನೆಯ ಹಾಡಿನ ದಿನ. ಬೆಳಗಿನ ರೈಲಿಗೆ ಬಂದರೆ ಮೂರರ ರೈಲಿಗೆ ಹೋಗಬಹುದು. ಕಂಬ ಸ್ಟೇಷನ್ನಿಗೆ ಬರುತ್ತಾನೆ. ಜನರ ತಲೆಗಳಿಂದ ಒಂದು ಅಡಿ ಮೇಲೆ ನೋಡು, ಅವನೇ.

ದಿಂಬಿನ ವಿಷಯ ಬರೆದಿದ್ದೀಯ. ಡ್ರಮ್ಮಿನ ಮೇಲೆ ಕೋಲು ತಾನೇ ಪುಟಿದು ಬರುತ್ತೆ ಅಪ್ಪ. ದಿಂಬಿನ ಮೇಲೆ ಪುಟಿಯುವುದಿಲ್ಲ, ಪ್ರತಿಸಲ ನಾವೇ ಎತ್ತಬೇಕು. ಆ ಒಂದು ವರ್ಷದಿಂದಲೇ ನನ್ನ ಮಣಿಕಟ್ಟು ಹೀಗಾಗಿದ್ದು. ಇಲ್ಲಿ ಎಲ್ಲರೂ ಕೇಳುತ್ತಾರೆ, ಯಾವ ಗುರು ಅಂತ. ಅಮ್ಮನ ಬೆರಳಿನ ಮಾತು ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಿದ್ದು ಒಳ್ಳೆಯದಾಯಿತು.

ಬಾ.

ಡಬ್ಬಿ

*

ಏಪ್ರಿಲ್ ೨೫, ರೈಲಿನಲ್ಲಿ

ಪ್ರೀತಿಯ ಡಬ್ಬಿಗೆ,

ಅಕ್ಷರ ಕುಣಿಯುತ್ತಿದ್ದರೆ ಅದು ರೈಲಿನ ಕುಣಿತ. ಮನೆ ಮುಟ್ಟುವವರೆಗೂ ಕಾಯಲಾರೆ. ಏನು ನೋಡಿದೆ ನಾನು ಇವತ್ತು!

ಆ ಐಸ್ ಫ್ಯಾಕ್ಟರಿಯ ಬಾಗಿಲು ಒಂದು ಗೇಣು ದಪ್ಪ, ತೆಗೆಯಲು ಇಬ್ಬರು ಬೇಕು. ಕಿವಿ ನನ್ನನ್ನು ಗಾಜಿನ ಆಚೆ ಕೂರಿಸಲಿಲ್ಲ. "ಸರ್, ನೀವು ಇಲ್ಲೇ" ಅಂತ ನಿನ್ನ ಡ್ರಮ್ಸ್ ಇಟ್ಟಿರುವ ಮರದ ಕಟ್ಟೆಯ ಪಕ್ಕ ಜಾಗ ಕೊಟ್ಟ. ಸ್ಕ್ರೂಡ್ರೈವರಿನ ತುದಿ ಆ ಮರಕ್ಕೆ ಇಟ್ಟೆ, ಕಣ್ಣು ಮುಚ್ಚಿದೆ. ನೀನು ಕೋಲು ಕೋಲಿಗೆ ನಾಲ್ಕು ಸಲ ತಾಗಿಸಿದೆ. ಆಮೇಲೆ ಡಬ್ಬೀ, ನನ್ನ ತಲೆಬುರುಡೆ ಪೂರ್ತಿ ನಿನ್ನದಾಯಿತು. ನಿನ್ನ ಬಲಗಾಲು ಯಾವುದು, ಎಡಗಾಲು ಯಾವುದು ಅಂತ ಬೇರೆ ಬೇರೆ ಗೊತ್ತಾಗುತ್ತಿತ್ತು. ಎಡಗಾಲಿಗೆ ಕೂದಲೆಳೆಯಷ್ಟು ಅವಸರ ಹೆಚ್ಚು. ಅಮ್ಮನ ಹಾಗೆ. ಹಾಡು ಮುಗಿದಾಗ ಗುಡುಗು ಮೆಲ್ಲಗೆ ಬಂದು, "ಅಂಕಲ್, ಪರವಾಗಿಲ್ವಾ?" ಅಂತ ಕೇಳಿದ. 'ವಂಡರ್‌ಫುಲ್' ಅನ್ನಬೇಕು ಅಂದುಕೊಂಡು 'ಪಾಸ್ಡ್ ಇನ್ ಫಸ್ಟ್ ಕ್ಲಾಸ್' ಅಂದೆ. ನೀವೆಲ್ಲ ನಕ್ಕಿರಿ. ನಗಿ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೂ ಯಾರೂ ಹೇಳಿರಲಿಲ್ಲ.

ಇನ್ನು ಮುಖ್ಯವಾದ ವಿಷಯ. ನೀವೆಲ್ಲ ಊಟಕ್ಕೆ ಹೋದಾಗ ನಾನು ಹಸಿವಿಲ್ಲ ಅಂದೆನಲ್ಲ. ಡ್ರಮ್ಸ್ ಹತ್ತಿರದಿಂದ ನೋಡಬೇಕಿತ್ತು. ಕೂರುವ ಜಾಗದ ಮೇಲೆ ಕಪ್ಪು ಬಟ್ಟೆ ಹೊದಿಸಿತ್ತು. ಎತ್ತಿದೆ. ಅಮ್ಮನ ಸ್ಟೂಲು.

ಕೋಪ ಬರಲಿಲ್ಲ ಕಣೇ. ನೀನು ಹೇಳಲಿಲ್ಲ, ಸರಿ. ಕೇಳಿದ್ದರೆ ನಾನು ಕೊಡುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಸ್ವಲ್ಪ ಹೊತ್ತು ಅದರ ಮೇಲೆ ಕೂತೆ. ಎಂಥ ದುರವಸ್ಥೆ! ಇಂಥದ್ದರ ಮೇಲೆ ಕೂತು ನನ್ನ ಮಗಳು ಅಷ್ಟು ಹೊತ್ತು ಬಾರಿಸುತ್ತಾಳಾ ಅನ್ನಿಸಿತು. ಚೀಲ ತೆಗೆದೆ. ಕೆಳಗಿನ ದೊಡ್ಡ ನಟ್ಟು ಒಂದೂಕಾಲು ಸುತ್ತು ಬಿಗಿ ಹಿಡಿಯಿತು. ಸಂದಿಯಲ್ಲಿ ಒಂದು ಹಳೆಯ ಚಿಂದಿ ಸಿಕ್ಕಿಕೊಂಡಿತ್ತು, ಎಳೆದು ತೆಗೆದೆ. ತಿರುಪಿಗೆ ಗ್ರೀಸ್ ತುಂಬಿದೆ. ಈಗ ಬೆಣ್ಣೆ ತಿರುಗಿದ ಹಾಗೆ ತಿರುಗುತ್ತೆ, ಸಾಸಿವೆಯಷ್ಟೂ ಅಲ್ಲಾಡುವುದಿಲ್ಲ. ಇಪ್ಪತ್ತೈದು ವರ್ಷದಿಂದ ಬಾಕಿ ಇದ್ದ ಕೆಲಸ. ಕೊನೆಯ ಹಾಡಿಗೆ ಅಪ್ಪನ ಕಾಣಿಕೆ ಅಂದುಕೊ. ಎದುರಿಗೆ ಹೇಳಿದ್ದರೆ ನಿನಗೆ ಮುಜುಗರ ಅಂತ ಹೇಳದೆ ರೈಲು ಹತ್ತಿದೆ.

ಇವತ್ತಿನಷ್ಟು ಸಂತೋಷ ನನಗೆ ತುಂಬ ದಿನದಿಂದ ಆಗಿರಲಿಲ್ಲ.

ಇತಿ ನಿನ್ನ ಅಪ್ಪ

*

ಏಪ್ರಿಲ್ ೩೦

ಅಪ್ಪ,

ಕೋಪದಲ್ಲಿ ಬರೆದ ಎರಡು ಕಾಗದ ಹರಿದು ಹಾಕಿದೆ. ಇದು ಮೂರನೆಯದು.

ನೀನು ಹುಡುಕಿಕೊಟ್ಟ ಕಳ್ಳ ಆ ಸ್ಟೂಲೇ. ಸಿಕ್ಕ ದಿನ ಅದನ್ನು ಹೊರಗಿಟ್ಟು ಬೇರೆ ಸ್ಟೂಲಿನ ಮೇಲೆ ಕೂತೆ. ನನ್ನ ತಾಳ ಅರ್ಧ ನಿಮಿಷ ನಿಲ್ಲಲಿಲ್ಲ. ಕಂಬ ಗಿಟಾರ್ ಇಳಿಸಿ, "ಆ ಕಿರ್ ಎಲ್ಲಿ ಹೋಯ್ತು? ನಾನು ಅದನ್ನೇ ಹಿಡ್ಕೊಂಡು ನುಡಿಸ್ತಿದ್ದೆ" ಅಂದ. ಆಗ ನನಗೂ ತಿಳಿಯಿತು, ನಾನೂ ಅದನ್ನೇ ಹಿಡಿದುಕೊಂಡಿದ್ದೆ. ಮೈ ಎಡಕ್ಕೆ ವಾಲಿದಾಗ ಒಂದು ಕಿರ್, ಅಲ್ಲಿಂದ ಬಲಗಾಲು. ಯಾವಾಗಿನಿಂದ ಅಂತ ಗೊತ್ತಿಲ್ಲ. ಸ್ಟೂಲು ವಾಪಸ್ಸು ಒಳಗೆ ಬಂತು, ಕಿವಿ ಅದಕ್ಕೇ ಒಂದು ಪ್ರತ್ಯೇಕ ಮೈಕು ಇಟ್ಟ. ಏಳು ಹಾಡಿನಲ್ಲೂ ಅದು ಇದೆ. ಕೊನೆಯ ಹಾಡು ಶುರುವಾಗುವುದೇ ಅದರಿಂದ. ಖಾಲಿ ಕೋಣೆ, ಕಿರ್, ಆಮೇಲೆ ನಾವು.

ಈಗ ಆ ಕಿರ್ ಇಲ್ಲ. ಸೋಮವಾರದಿಂದ ಇಪ್ಪತ್ತಾರು ಸಲ ಪ್ರಯತ್ನಿಸಿದೆವು. ನಾಲ್ಕು ನಿಮಿಷ ದಾಟಲಿಲ್ಲ. ನಾನೇ ಕೆಡಿಸುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಡ್ರಮ್ಸ್ ಹಾಕಿ ಮುಗಿಸೋಣ ಅಂತ ಕಿವಿ ನೆಲ ನೋಡುತ್ತ ಹೇಳಿದ. ನಿನ್ನ ಹಾಡಿಗೆ ಮೆಷಿನ್ನಿನ ಡ್ರಮ್ಸು.

ಸ್ಟೂಲು ಇಲ್ಲಿದೆ ಅಂತ ನಾನು ಮೊದಲೇ ಹೇಳಿದ್ದರೆ ನೀನು ಮುಟ್ಟುತ್ತಿರಲಿಲ್ಲ. ಅರ್ಧ ತಪ್ಪು ನನ್ನದು. ಇನ್ನರ್ಧ ಸರಿಮಾಡು.

ಮೇ ಹದಿನಾಲ್ಕು ಕೊನೆ.

ಡಬ್ಬಿ

*

ಮೇ ೪

ಡಬ್ಬೀ,

ಆ ಸ್ಟೂಲಿಗೆ ಸದ್ದು ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ. ಅಲ್ಲಾಡುವುದು ಕಣ್ಣಿಗೆ ಕಾಣುತ್ತಿತ್ತು, ಕಿರ್ ಅನ್ನುವುದು ಈ ಕಿವಿಗೆ ಒಂದು ದಿನವೂ ಬಿದ್ದಿಲ್ಲ. ಇಪ್ಪತ್ತೈದು ವರ್ಷ ಅದರ ಜೊತೆ ಒಂದೇ ಮನೆಯಲ್ಲಿದ್ದೆ.

ಏನೂ ಮಾಡಬೇಡ. ಯಾರಿಗೂ ಮುಟ್ಟಲು ಕೊಡಬೇಡ. ಕಂಪ್ಯೂಟರಿನವನಿಗೆ ಕೈ ಕಟ್ಟಿ ಕೂರಲು ಹೇಳು. ಹತ್ತಕ್ಕೆ ಮುಂಚೆ ರೈಲಿನಲ್ಲಿ ಜಾಗ ಇಲ್ಲ. ಹತ್ತರಂದು ಬೆಳಿಗ್ಗೆ ಅಲ್ಲಿರುತ್ತೇನೆ, ಸೀಮೆಎಣ್ಣೆ ತರುತ್ತೇನೆ. ನನಗೆ ಕೇಳಿಸದ ಸದ್ದನ್ನು ನಾನೇ ವಾಪಸ್ಸು ತರಬೇಕು. ಹೇಗೆ ಅಂತ ಗೊತ್ತಿಲ್ಲ. ಆದರೆ ಎಷ್ಟು ತಿರುಗಿಸಿದೆ ಅಂತ ನನ್ನ ಕೈಗೆ ಗೊತ್ತಿದೆ. ಒಂದೂಕಾಲು ಸುತ್ತು. ಒಂದೂವರೆ ಅಲ್ಲ.

ಅಪ್ಪ

*

ಮೇ ೧೧, ಐಸ್ ಫ್ಯಾಕ್ಟರಿಯಿಂದ

ಪ್ರೀತಿಯ ನಾದಿನಿಗೆ,

ಮೊದಲು ಕ್ಷಮೆ. ವಿತ್ ಫೋಲ್ಡೆಡ್ ಹ್ಯಾಂಡ್ಸ್. ಸ್ಟೂಲು ನೀನು ತೆಗೆದುಕೊಂಡಿರಲಿಲ್ಲ. ನಮ್ಮ ಡಬ್ಬಿ ಡ್ರಮ್ಸ್ ಬಾರಿಸಲು ಕೂರುವುದೇ ಅದರ ಮೇಲೆ. ನಾನು ಬಂದು ಕೂತು ಹೇಳಬೇಕಿತ್ತು, ಆದರೆ ಇಲ್ಲಿ ನಡೆದದ್ದನ್ನು ಈಗಲೇ ಯಾರಿಗಾದರೂ ಹೇಳದಿದ್ದರೆ ನಾನು ಒಡೆದುಹೋಗುತ್ತೇನೆ!

ನಿನ್ನೆ ಬೆಳಿಗ್ಗೆ ಬಂದಾಗ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಇವಳು ಮೂಲೆಯಲ್ಲಿ ಕೂತು ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. "ತಿಂಡಿ ತಿಂದ್ಯಾ ಅಪ್ಪ?" ಅಂದಳೇ ಹೊರತು ಕಣ್ಣು ಎತ್ತಲಿಲ್ಲ. ಸ್ಟೂಲನ್ನು ಬೋರಲು ಹಾಕಿದೆ. ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿದೆ. ನಟ್ಟನ್ನು ಒಂದೂಕಾಲು ಸುತ್ತು ಸಡಿಲಿಸಿದೆ. ಇವಳು ಕೂತಳು, ವಾಲಿದಳು. ಎಲ್ಲರೂ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನನಗೆಲ್ಲಿ ಕೇಳಬೇಕು!

"ಬಂತಾ?"

"ಇಲ್ಲ ಸರ್."

ಇನ್ನೊಂದು ಸಲ ತೊಳೆದೆ. ಇಲ್ಲ. ಕಾಲು ಸುತ್ತು ಹೆಚ್ಚು ಬಿಟ್ಟೆ, ಕಡಿಮೆ ಮಾಡಿದೆ. ಇಲ್ಲ. ಮಧ್ಯಾಹ್ನವಾಯಿತು. ಕಿವಿ ಅನ್ನುವ ಎಂಜಿನಿಯರ್ ನನ್ನ ಭುಜದ ಮೇಲೆ ಕೈ ಇಟ್ಟು, "ಬಿಡಿ ಸರ್, ನೀವು ಮಾಡೋದನ್ನೆಲ್ಲ ಮಾಡಿದ್ರಿ" ಅಂದ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದೂ ಇದೇ ಮಾತು, ನಿನಗೆ ನೆನಪಿರಬಹುದು. ಆ ಸಲ ನಾನು ಎದ್ದು ಬಂದಿದ್ದೆ.

ಈ ಸಲ ಏಳಲಿಲ್ಲ. "ಇರಯ್ಯ, ಊಟ ಮಾಡ್ಕೊಂಡು ಬನ್ನಿ ಎಲ್ಲ" ಅಂದೆ. ಯಾರೂ ಹೋಗಲಿಲ್ಲ, ಹೋದ ಸಲ ಹೋಗಿದ್ದರ ಫಲ ನೋಡಿದ್ದರಲ್ಲ! ಎಲ್ಲ ಸುತ್ತ ಕೂತರು. ಚೀಲದ ಸಾಮಾನೆಲ್ಲ ನೆಲದ ಮೇಲೆ ಹರವಿದೆ. ಕೊನೆಗೆ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಮೇಲುಗಡೆಯೇ ಆ ಚಿಂದಿ! ಹೋದ ಸಲ ಸಂದಿಯಿಂದ ಎಳೆದದ್ದು. ಅಭ್ಯಾಸ ನೋಡು, ಎಸೆದಿರಲಿಲ್ಲ. ಬಿಡಿಸಿ ನೋಡಿದೆ. ಕಸವಲ್ಲ ಅದು. ನಮ್ಮ ಮಿಲ್ಲಿನದೇ ಬಟ್ಟೆ, ನೀಲಿ ಅಂಚಿನದ್ದು, ಎಂಟು ಮಡಿಕೆ ಮಾಡಿ ಸೂಜಿಯಿಂದ ಅಂಚು ಹೊಲಿದಿತ್ತು. ಆ ಹೊಲಿಗೆ ಯಾರದ್ದು ಅಂತ ನಿನಗೆ ಹೇಳಬೇಕಾ?

ಅದನ್ನು ಇದ್ದ ಜಾಗಕ್ಕೇ ತೂರಿಸಿದೆ. ಸೀಟು ಒಂದು ಬದಿ ಕೂದಲಷ್ಟು ಎದ್ದಿತು, ತಿರುಪು ಒಂದೇ ಕಡೆ ಉಜ್ಜುವ ಹಾಗೆ. ನಟ್ಟನ್ನು ಮತ್ತೆ ಸರಿಯಾಗಿ ಒಂದೂಕಾಲು ಸುತ್ತು ಸಡಿಲಕ್ಕೆ ತಂದೆ. ಸ್ಕ್ರೂಡ್ರೈವರಿನ ತುದಿ ಸ್ಟೂಲಿನ ಕಾಲಿಗೆ, ಹಿಡಿ ಮೂಳೆಗೆ. "ಕೂತ್ಕೋ ಮಗಳೇ" ಅಂದೆ.

ಮೂಳೆಗೆ ಬಂತು. ಕರ್ರ್ ಅಂತ ಒಂದೇ ಎಳೆ, ಮೇಲೆ ಹೋಗಿ ತಟಕ್ಕನೆ ನಿಂತಿತು. ಕಣ್ಣು ತೆರೆಯುವಷ್ಟರಲ್ಲಿ ಆ ಕಂಬ ಅನ್ನುವವನು ನನ್ನನ್ನು ಎತ್ತಿಕೊಂಡುಬಿಟ್ಟಿದ್ದ! ನನ್ನ ಕಾಲು ನೆಲದಿಂದ ಎರಡು ಅಡಿ ಮೇಲೆ. ನಾಚಿಕೆಯ ಗುಡುಗು ಕೂಗಿದ್ದು ನನಗೂ ಕೇಳಿಸಿತು ಅಂದರೆ ಲೆಕ್ಕ ಹಾಕು. ಇವಳು ಮಾತ್ರ ಎದ್ದು ಬರಲಿಲ್ಲ. "ಯಾರೂ ಮಾತಾಡ್ಬೇಡಿ. ಈಗಲೇ" ಅಂದಳು.

ಹನ್ನೊಂದು ನಿಮಿಷ ನಾದಿನಿ. ಒಂದೇ ಸಲಕ್ಕೆ! ನಾನು ಮರದ ಕಟ್ಟೆಗೆ ಸ್ಕ್ರೂಡ್ರೈವರ್ ಒತ್ತಿ ನಿಂತಿದ್ದೆ. ಒಂಬತ್ತನೆಯ ನಿಮಿಷದಲ್ಲಿ ಇವಳ ಬೆರಳಿನ ಪಟ್ಟಿ ಬಿಚ್ಚಿ ಹಾರಿಹೋಯಿತು, ನಿಲ್ಲಿಸಲಿಲ್ಲ. ಕೊನೆಯ ಹೊಡೆತ ಬಿದ್ದು, ಆ ಕಂಚಿನ ತಟ್ಟೆಗಳ ನಡುಕ ನಿಲ್ಲುವವರೆಗೂ ಯಾರೂ ಉಸಿರಾಡಲಿಲ್ಲ. ಆಮೇಲೆ ಗಾಜಿನ ಆಚೆಯಿಂದ ಕಿವಿ ಹೆಬ್ಬೆರಳು ಎತ್ತಿದ.

ಗಿಡಗಳಿಗೆ ನೀರು ಹಾಕು. ಇನ್ನೆರಡು ದಿನ ಇದ್ದು ಬರುತ್ತೇನೆ. ಒಂದು ಮಾತು ಕೇಳಬೇಕಿದೆ, ಬಂದ ಮೇಲೆ ಹೇಳು: ನಿಮ್ಮಕ್ಕ ಆ ಬಟ್ಟೆ ಅಲ್ಲಿ ಯಾಕೆ ಇಟ್ಟಿದ್ದಳು?

ಇತಿ ಭಾವ

*

ಆಗಸ್ಟ್ ೨೨

ಪ್ರೀತಿಯ ಡಬ್ಬಿಗೆ,

ಬಂತು! ಹನ್ನೊಂದು ಗಂಟೆಗೆ ಅಂಚೆಯವನು ತಂದ, ಹನ್ನೊಂದೂ ಹತ್ತಕ್ಕೆ ಚಿಕ್ಕಮ್ಮ ಕಾಫಿ ಸಮೇತ ಹಾಜರು. ಹೌದು, ಮಾತು ಶುರುವಾಗಿದೆ. ಆಲ್ಬಮ್ಮಿನ ಮುಖಚಿತ್ರ ನೋಡಿ, "ಇಷ್ಟೊಂದು ಬೆಂಕಿ ಯಾಕೆ ಹಾಕಿದಾರೆ, ಎಲ್ಲಾದರೂ ಹೊತ್ಕೊಂಡ್ರೆ?" ಅಂದಳು. ಹಿಂದೆ ತಿರುಗಿಸಿ ಕನ್ನಡಕ ಹಾಕಿಕೊಂಡು ಓದಿದೆ. ಯಾರು ಯಾವ ವಾದ್ಯ ಅಂತ ಪಟ್ಟಿ. ನಿನ್ನ ಹೆ‌ಸರಿನ ಕೆಳಗೆ: 'ಸ್ಟೂಲು: ಅಮ್ಮ'. ಅದರ ಕೆಳಗೆ: 'ಒಂದೂಕಾಲು ಸುತ್ತು: ಅಪ್ಪ'. ಚಿಕ್ಕಮ್ಮನಿಗೆ ಓದಿ ಹೇಳಲು ಹೋದೆ, ಆಗಲಿಲ್ಲ. ಅವಳೇ ತೆಗೆದುಕೊಂಡು ಓದಿದಳು.

ಮೇ ತಿಂಗಳಿನಿಂದ ಬಾಯಿ ಬಿಡದೆ ಸತಾಯಿಸುತ್ತಿದ್ದ ಉತ್ತರವನ್ನು ಆಗ ಹೇಳಿದಳು. ನೀನು ಆರು ತಿಂಗಳ ಕೂಸು. ಅಮ್ಮ ಹೊಲಿಯುವಾಗ ಸ್ಟೂಲು ಕಿರ್ ಅನ್ನುತ್ತಿತ್ತಂತೆ, ನೀನು ಆ ಸದ್ದಿಗೇ ಮಲಗುತ್ತಿದ್ದೆಯಂತೆ. ಒಂದು ಭಾನುವಾರ ನಾನು ಉಪಕಾರ ಮಾಡುವ ಉತ್ಸಾಹದಲ್ಲಿ ಅದಕ್ಕೆ ಎಣ್ಣೆ ಬಿಟ್ಟು, ನಟ್ಟು ಬಿಗಿಮಾಡಿದೆನಂತೆ. ಮೂರು ದಿನ ನೀನು ಮಲಗಲಿಲ್ಲ, ಮನೆಯಲ್ಲಿ ಯಾರೂ ಮಲಗಲಿಲ್ಲ. ನಾನು ಪಾಳಿಗೆ ಹೋದ ಹೊತ್ತಿನಲ್ಲಿ ಅಕ್ಕ ತಂಗಿ ಇಬ್ಬರೂ ಕೂತು ಎಣ್ಣೆ ಒರೆಸಿ, ನಟ್ಟು ಸಡಿಲಿಸಿ, ಬಟ್ಟೆ ಮಡಿಚಿ ತೂರಿಸಿ, ಕೂತು ಎದ್ದು ಕೂತು ಎದ್ದು ಆ ಸದ್ದನ್ನು ವಾಪಸ್ಸು ತಂದರಂತೆ. "ನಿಮಗೆ ಹೇಳಿದ್ರೆ ಬೇಜಾರು ಮಾಡ್ಕೋತೀರ ಅಂತ ಅಕ್ಕ ಹೇಳ್ಲಿಲ್ಲ ಭಾವ" ಅಂದಳು. ನನಗೆ ಆ ಭಾನುವಾರ ನೆನಪೇ ಇಲ್ಲ. ಒಂದೇ ತಪ್ಪನ್ನು ಎರಡು ಸಲ ಮಾಡಿದ್ದೇನೆ, ಎರಡು ಸಲವೂ ಸಂತೋಷದಿಂದ!

ಆಮೇಲೆ ಹಾಕಿದೆವು. ಏಳು ಹಾಡು ಆಗುವವರೆಗೂ ಚಿಕ್ಕಮ್ಮ ಕಿವಿ ಮುಚ್ಚಿಕೊಂಡು, ಆದರೆ ಎದ್ದು ಹೋಗದೆ ಕೂತಿದ್ದಳು. ಎಂಟನೆಯದಕ್ಕೆ ನಾನು ಸ್ಕ್ರೂಡ್ರೈವರನ್ನು ಗಟ್ಟಿಯಾಗಿ ಒತ್ತಿದೆ. ಮೊದಲು ಏನೂ ಇಲ್ಲ, ಬರೀ ಒಂದು ಕೋಣೆ. ಆಮೇಲೆ ಕಿರ್ ಅಂತ ಸ್ಟೂಲು ತಿರುಗಿತು. ಹೊಲಿಗೆಗೆ ಮುಂಚೆ ಅಮ್ಮ ಎತ್ತರ ಸರಿಮಾಡಿಕೊಳ್ಳುತ್ತಿದ್ದಳಲ್ಲ, ಹಾಗೆ. ನಾನು ಅವಳ ಹೊಲಿಗೆಯ ಮೂಲೆಯತ್ತ ತಿರುಗಿ ನೋಡಿದೆ. ಚಿಕ್ಕಮ್ಮನೂ ನೋಡಿದಳು. ಅಷ್ಟರಲ್ಲಿ ನಿನ್ನ ನೂರಿಪ್ಪತ್ತು ಮಗ್ಗ ಶುರುವಾಯಿತು, ಕಪಾಟಿನ ಲೋಟಗಳೆಲ್ಲ ಕುಣಿದವು.

ಸ್ಟೂಲು ನಿನ್ನ ಹತ್ತಿರವೇ ಇರಲಿ. ಎಣ್ಣೆ ಬಿಡಬೇಡ.

ಮುಂದಿನ ತಿಂಗಳು ನಿಮ್ಮ ಕಾರ್ಯಕ್ರಮಕ್ಕೆ ಎರಡು ಟಿಕೆಟ್ ಕೊಂಡಿದ್ದೇನೆ, ನನಗೊಂದು, ಚಿಕ್ಕಮ್ಮನಿಗೊಂದು. ಅವಳು ಕಿವಿಗೆ ಹತ್ತಿ ತರುತ್ತಾಳಂತೆ. ವೇದಿಕೆಗೆ ಒತ್ತಿಕೊಂಡು, ಎಲ್ಲರಿಗಿಂತ ಮುಂದೆ ನಿಲ್ಲುತ್ತೇನೆ. ಒಂದೇ ಒಂದು ಅನುಮಾನ: ಗೇಟಿನಲ್ಲಿ ಹನ್ನೆರಡು ಅಂಗುಲದ ಸ್ಕ್ರೂಡ್ರೈವರ್ ಒಳಗೆ ಬಿಡುತ್ತಾರೋ ಇಲ್ಲವೋ, ವಿಚಾರಿಸಿ ತಕ್ಷಣ ಬರೆ.

ಇತಿ ನಿನ್ನ ಅಪ್ಪ